ಮಾಣಿಕಪ್ಪನ ಹೊಲಿಗೆ

ಮಾಣಿಕಪ್ಪ ಹಾಕಿದ ಹೊಲಿಗೆ ತಾನಾಗಿ ಬಿಚ್ಚಿರಲಿಲ್ಲ. ಬಿಚ್ಚಿದವಳು ನಾನು.

ಇದನ್ನು ಮೊದಲೇ ಬರೆದುಬಿಡುತ್ತೇನೆ, ಮಕ್ಕಳೇ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಕೈ ನಿಂತುಬಿಡುತ್ತದೆ — ಇಷ್ಟು ವರ್ಷ ಬಾಯಿ ನಿಂತ ಹಾಗೆ. ನಾನು ಅಕ್ಷರ ಕಲಿತದ್ದು ತವರೂರಿನ ಐಗಳ ಸಾಲಿಯಲ್ಲಿ, ಮಠದ ಕಟ್ಟೆಯ ಮೇಲೆ, ಮರಳಿನಲ್ಲಿ ಬೆರಳು ಆಡಿಸಿ. ನಾಲ್ಕು ಮಂದಿಯ ಎದುರು ನಿಂತರೆ ಈಗಲೂ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ದಿಂಬಿನ ಹೊಲಿಗೆ ಬಿಟ್ಟರೆ, ಚಪ್ಪಲಿಯ ಉಂಗುಟ ಕಿತ್ತರೆ ನೀವೆಲ್ಲ ಒಂದೇ ಮಾತು ಅನ್ನುತ್ತೀರಿ — “ಮಾಣಿಕ್ಯಾನ ಹೊಲಿಗಿ!” ಅಂದು ನಗುತ್ತೀರಿ. ಅದು ನಿಮ್ಮ ಮುತ್ಯಾ, ನನ್ನ ಗಂಡ, ಹುಟ್ಟಿಸಿದ ಮಾತು. ನಿಮ್ಮ ಅಪ್ಪಂದಿರು ಆಡುತ್ತ ಬೆಳೆದರು. ಮೊನ್ನೆ ಗಂಗಾ ತನ್ನ ಸಾಲಿ ಚೀಲದ ಪಟ್ಟಿ ಕಿತ್ತಾಗ ಅದನ್ನೇ ಅಂದಳು. ನಾನು ಅಲ್ಲೇ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದೆ. ಆ ಮಾಣಿಕ್ಯಾ ಒಬ್ಬ ಮನುಷ್ಯ, ಅವನಿಗೂ ಹೆಂಡತಿ ಮಕ್ಕಳಿದ್ದರು ಎಂದು ಆ ಹುಡುಗಿಗೆ ಗೊತ್ತೇ ಇಲ್ಲ. ಗೊತ್ತಿದ್ದ ನಾನು ಬೇಳೆಯ ಮೇಲಿನ ಕಣ್ಣು ಎತ್ತಲಿಲ್ಲ.

ನಿಜಾಮರ ಕಾಲ ಅದು. ನಿಮ್ಮ ಮುತ್ಯಾ ಒಂದು ಜಾಗೀರಿನ ಪೋಲೀಸ್ ಅಮೀನರಾಗಿದ್ದರು. ಭಾಲ್ಕಿಯಲ್ಲಿ ಮನೆ; ಔರಾದದ ಕಡೆಯ ಹಳ್ಳಿಗಳಲ್ಲಿ ಕುದುರೆಯ ಮೇಲೆ ತಿರುಗಾಟ. ಜಾಗೀರದಾರರು ಅವರಿಗೊಂದು ಪಿಸ್ತೂಲು ಕೊಟ್ಟಿದ್ದರು. ಅದು ಬಂದ ದಿನದಿಂದ ಅವರು ನೆಟ್ಟಗೆ ನಡೆಯುವುದನ್ನು ಬಿಟ್ಟರು — ಒಂದು ಪಕ್ಕಕ್ಕೆ ವಾಲಿ, ಸೊಂಟ ಮುಂದೆ ಮಾಡಿ, ನೋಡುವವರಿಗೆ ಕಾಣುವ ಹಾಗೆ. ಊಟಕ್ಕೆ ಕೂತಾಗಲೂ ಅದು ತಾಟಿನ ಪಕ್ಕದಲ್ಲಿರಬೇಕು. ರೊಟ್ಟಿ ತಣ್ಣಗಿದ್ದರೆ ಬಾಯಿಂದ ಹೇಳುತ್ತಿರಲಿಲ್ಲ, ಪಿಸ್ತೂಲಿನ ಹಿಡಿಯಿಂದ ತಾಟು ಬಡಿಯುತ್ತಿದ್ದರು.

ಮೊದಲು ಅದಕ್ಕೆ ಬೀದರಿನಿಂದ ಮಖಮಲ್ಲಿನ ಚೀಲ ತಂದರು. ಮುಂದೆ ಬಿದರಿ ಕೆಲಸದ ಬಕಲ್, ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ. ನೋಡಲು ಚಂದ. ಆದರೆ ಮಳೆಗಾಲದಲ್ಲಿ ಮಖಮಲ್ಲು ಹಸಿ ಹಿಡಿದು ಕಬ್ಬಿಣಕ್ಕೆ ತುಕ್ಕಿನ ಚುಕ್ಕೆ ಬಂತು. ಬಿಳಿ ಧೋತರದ ಅಂಚಿನಿಂದ ಪಿಸ್ತೂಲು ಒರೆಸಿ, ಕೆಂಪು ಕಂಡ ಅಂಚನ್ನು ನನ್ನ ಮುಖಕ್ಕೆ ಹಿಡಿದರು. ತಪ್ಪು ಚೀಲದ್ದು. ಬೈಗುಳ ನನಗೆ.

ಆಗ ಔರಾದದಿಂದ ಮಾಣಿಕಪ್ಪನನ್ನು ಕರೆಸಿದರು. ಚರ್ಮದ ಕೆಲಸದವನು, ಕುದುರೆಯ ಜೀನು, ಬಾವಿಯಿಂದ ನೀರೆತ್ತುವ ಮೊಟ್ಟೆಯ ಬಾಯಿ, ಎಲ್ಲ ಅವನ ಕೈಯವೇ. ಅಂಗಳದ ಬೇವಿನ ಮರದ ಕೆಳಗೆ ಕೂತು, ಪಿಸ್ತೂಲಿಗೆ ಅರಿವೆ ಸುತ್ತಿ, ನೆನೆಸಿದ ಚರ್ಮವನ್ನು ಅದರ ಮೈಗೆ ಒತ್ತಿ ಒತ್ತಿ ಅಚ್ಚು ತೆಗೆದ.

“ಕುದರಿ ಜಿಗದ್ರೂ ಬೀಳಬಾರದು, ಕೈ ಇಟ್ರ ಸಿಗಬೇಕು. ಚೀಲ ಅಂದ್ರ ಇಷ್ಟೇ ರೀ ಸಾಹೇಬ್ರ. ಮಖಮಲ್ಲು ಮದುಮಗಗ ಛಲೋ,” ಅಂದ.

“ನೀ ಹೊಲಿಯೋದು ಹೊಲಿ. ಶಾಣ್ಯಾತನ ಬ್ಯಾಡ,” ಅಂದರು ನಿಮ್ಮ ಮುತ್ಯಾ.

ಅವನು ಚೀಲದ ಮುಚ್ಚಳದ ಮೇಲೆ ಅದನ್ನು ಬಿಗಿಯುವ ಒಂದು ಪಟ್ಟಿ ಹೊಲಿದ. ಕೇಳದಿದ್ದರೂ ಒಂದು ದೋರಿಯನ್ನು ಹೆಣೆದು, ಒಂದು ತುದಿಯನ್ನು ಪಿಸ್ತೂಲಿನ ಹಿಡಿಗೆ, ಇನ್ನೊಂದನ್ನು ಸೊಂಟದ ಪಟ್ಟಾಕ್ಕೆ ಕಟ್ಟಿಕೊಟ್ಟ. ಪಟ್ಟಿ ಕೈಕೊಟ್ಟರೆ ದೋರಿ ಹಿಡಿಯುತ್ತದೆ ಎಂದ. ಹೋಗುವಾಗ ಬಾಗಿಲ ಮರೆಯಲ್ಲಿದ್ದ ನನಗೂ ಒಂದು ಮಾತು ಹೇಳಿದ — ನನ್ನ ಕಡೆ ನೋಡದೆ, ನೆಲ ನೋಡುತ್ತ. “ಅವ್ವಾರ, ಎಣ್ಣಿ ಭಾಳ ಹಚ್ಚಬ್ಯಾಡ್ರಿ, ಚರ್ಮ ಮೆತ್ತಗಾಗ್ತದ. ಹಸಿ ಆದ್ರ ಬಿಸಲಿಗಿ ಹಾಕಬ್ಯಾಡ್ರಿ, ನೆರಳಾಗ ಒಣಗಸ್ರಿ.” ಆ ಮನೆಗೆ ಬಂದ ಮೇಲೆ ಬೈಗುಳ ಬೆರೆಸದೆ ನನಗೆ ಕೆಲಸ ಹೇಳಿಕೊಟ್ಟವನು ಅವನೊಬ್ಬನೇ. ಅವನಿಗೇ ನಾನು —

ಇರಲಿ. ಸಾಲಾಗಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಶರಣರ ಹೆಸರು ಹೇಳದೆ ಯಾರೂ ತುತ್ತು ಎತ್ತುತ್ತಿರಲಿಲ್ಲ. ಆ ಶರಣರಲ್ಲಿ ಚಪ್ಪಲಿ ಹೊಲಿದವರೂ ಇದ್ದರೆಂದು ನನ್ನ ಅತ್ತೆಯೇ ಹಾಡುತ್ತಿದ್ದರು. ಆದರೂ ಚರ್ಮ ಹೊಸ್ತಿಲು ದಾಟಕೂಡದು ಎಂಬುದು ಅವರದೇ ಕಟ್ಟಳೆ. ಕಬ್ಬಿಣ ಒಳಗೆ ಬರಬಹುದು, ಚೀಲ ಬರಬಾರದು. ಹೀಗಾಗಿ ಸಂಜೆಗೆ ಹಿಡಿಯ ಕಡೆಯ ದೋರಿ ಬಿಚ್ಚಿ, ಪಿಸ್ತೂಲು ದೇವರ ಜಗಲಿಯ ಪಕ್ಕದ ಗೂಡಿಗೆ, ಚೀಲ ದನದ ಕೊಟ್ಟಿಗೆಯ ಗೂಟಕ್ಕೆ. ಬೆಳಿಗ್ಗೆ ಎರಡನ್ನೂ ಸಜ್ಜು ಮಾಡುವ ಕೆಲಸ ನನ್ನದು. ಗಜ ಎನ್ನುವ ಕಬ್ಬಿಣದ ಸಳಿಗೆ ಅರಿವೆ ಸುತ್ತಿ ನಳಿಗೆಯ ಒಳಗೆ ಎಳೆಯುವುದು, ಒಂದು ಹನಿ ಎಣ್ಣೆ ಬಿಟ್ಟು ಒರೆಸುವುದು. ಆಮೇಲೆ ಕೊಟ್ಟಿಗೆಗೆ ಹೋಗಿ ಚೀಲಕ್ಕೆ ಜೇನುಮೇಣ ತೀಡಿ, ಹೊಲಿಗೆ ನೋಡಿ, ಪಟ್ಟಾದಲ್ಲಿ ಗುಂಡಿನ ಕಾಡತೂಸು ಇಡುವ ಮನೆಗಳಲ್ಲಿ ಧೂಳು ತೆಗೆಯುವುದು. ಚರ್ಮ ಮುಟ್ಟಿದ ಮೇಲೆ ಮತ್ತೆ ಮೈ ತೊಳೆದು ವಿಭೂತಿ ಹಚ್ಚಿಕೊಂಡೇ ಒಲೆಯ ಮುಂದೆ ಬರಬೇಕು. ಛಳಿಗಾಲದಲ್ಲಿ ಆ ತಣ್ಣೀರು ಮೈಗೆ ಬಿದ್ದಾಗಲೆಲ್ಲ ನಾನು ಆ ಪಿಸ್ತೂಲನ್ನೂ ಅದರ ಒಡೆಯನನ್ನೂ ಶಪಿಸಿದ್ದೇನೆ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಿಮ್ಮ ಮುತ್ಯಾನ ಗೆಳೆಯರು ಕೂತಿದ್ದರು. ನಾನು ಸೆರಗು ಎಳೆದುಕೊಂಡು ಎಲೆ-ಅಡಿಕೆಯ ತಟ್ಟೆ ತಂದೆ. ನಿಮ್ಮ ಮುತ್ಯಾ ಪಿಸ್ತೂಲು ಎತ್ತಿ ನನ್ನ ಹಣೆಗೆ ಗುರಿ ಹಿಡಿದು, ಗುಂಡು ಹಾರಿಸುವ ಕುದುರೆ ಎಳೆದರು. ಟಕ್ — ಅಷ್ಟೇ. ಖಾಲಿ ಇತ್ತು. ನನ್ನ ಕೈಯ ತಟ್ಟೆ ಬಿತ್ತು, ಅಡಿಕೆ ಉರುಳಿ ಅವರ ಕಾಲುಗಳ ಕೆಳಗೆ ಹೋದವು.

“ನೋಡ್ರೋ, ಖಾಲಿ ಪಿಸ್ತೂಲಿಗೂ ಅಂಜತದ ಇದು!” ಎಂದರು. ಎಲ್ಲರೂ ನಕ್ಕರು. “ಏ, ಕುಂತು ಆರಿಸು.”

ಆ ಗಂಡಸರ ಕಾಲುಗಳ ನಡುವೆ ಕೂತು ಒಂದೊಂದೇ ಅಡಿಕೆ ಆರಿಸುವಾಗ ಅಂದುಕೊಂಡೆ — ನಿನ್ನ ಕೈಯಿಂದಲೂ ಒಂದು ದಿನ ಬೀಳಲಿ. ಮಂದಿಯ ನಡುವೆ ಬೀಳಲಿ. ನೀನೂ ಬಗ್ಗಿ ಆರಿಸು.

ಖಂಡೇನವಮಿ ಬಂತು. ಪಿಸ್ತೂಲಿನ ಕಾಡತೂಸು ತೆಗೆದು ಹಿತ್ತಾಳೆ ತಾಟಿನಲ್ಲಿ ಬೇರೆ ಇಟ್ಟು, ಕುಡುಗೋಲು, ಕೊಡಲಿಗಳ ಸಾಲಿನಲ್ಲೇ ಅದಕ್ಕೂ ವಿಭೂತಿ, ಹೂವು ಏರಿಸಿದರು. ಮರುದಿನ ದಸರೆ. ಸಂಜೆ ಊರ ಹೊರಗಿನ ಬನ್ನಿ ಮರಕ್ಕೆ ಗಂಡಸರ ಮೆರವಣಿಗೆ; ಹೆಂಗಸರು ಹೊಸ್ತಿಲಲ್ಲಿ ಆರತಿ ಹಿಡಿದು ಕಾಯುವವರು ಮಾತ್ರ. ಆ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಾನು ಸೂಜಿಯ ಮೊನೆಯಿಂದ ಮುಚ್ಚಳದ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಎತ್ತಿ ಕೊಯ್ದೆ. ಕಡೆಯ ಒಂದೆರಡು ಎಳೆ ಬಿಟ್ಟೆ, ಕಟ್ಟುವಾಗ ಕಾಣಬಾರದೆಂದು. ಪಟ್ಟಾದ ಕಡೆಯ ದೋರಿಯ ಗಂಟನ್ನೂ ಬಿಚ್ಚಿ, ಬರೀ ಸಿಕ್ಕಿಸಿಟ್ಟೆ. ಮಕ್ಕಳೇ, ಸುಳ್ಳು ಯಾಕೆ — ನಾನು ಆಗ ಸಂತೋಷವಾಗಿದ್ದೆ.

ಪೂಜೆಗೆ ಖಾಲಿ ಮಾಡಿದ ಆಯುಧ ಬನ್ನಿ ಮುಗಿಯುವ ತನಕ ಖಾಲಿಯೇ ಇರುತ್ತದೆ ಎಂದು ತಿಳಿದಿದ್ದೆ. ಬನ್ನಿ ಮರದ ಕೆಳಗೆ ಗಂಡಸರು ಆಕಾಶಕ್ಕೆ ಗುಂಡು ಹಾರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಹೆಣ್ಣು ಹೋದದ್ದೇ ಇಲ್ಲ, ಹೋಗಿ ಬಂದವರು ಹೇಳಿದ್ದೂ ಇಲ್ಲ. ನಿಮ್ಮ ಮುತ್ಯಾ ಮನೆಯಿಂದ ಹೊರಡುವಾಗಲೇ ಗುಂಡು ತುಂಬಿಕೊಂಡು ಹೋಗಿದ್ದರು.

ಬನ್ನಿ ಎಲೆ ಹರಿಯಲು ಕುದುರೆಯ ಮೇಲೆ ಕೂತೇ ಕೈ ಎತ್ತಿದಾಗ ಪಿಸ್ತೂಲು ಜಾರಿತಂತೆ. ಕಟ್ಟೆಯ ಕಲ್ಲಿಗೆ ಬಡಿದು ಹಾರಿದ ಗುಂಡು ಅವರ ಪಾದವನ್ನೇ ಒಡೆಯಿತು. ಆರತಿ ಹಿಡಿದು ನಿಂತ ನನ್ನ ಮುಂದೆ ಅವರನ್ನು ಕಂಬಳಿಯಲ್ಲಿ ಹೊತ್ತು ತಂದರು. ನೀವು ನೋಡಿದ ಮುತ್ಯಾನ ಕುಂಟು ಅದೇ.

ಆ ಕಾಲಿನ ಬಗ್ಗೆ ನನಗೆ ಮರುಕವಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಇದನ್ನು ಓದಿ ನಿಮಗೆ ಸಿಟ್ಟು ಬಂದರೆ ಬರಲಿ. ನಾನು ನಿಮ್ಮ ಎದುರು ತಲೆ ತಗ್ಗಿಸುತ್ತಿರುವುದು ಅದಕ್ಕಲ್ಲ.

ಜಾಗೀರಿನ ಸಿಪಾಯಿಗಳು ಔರಾದದಿಂದ ಮಾಣಿಕಪ್ಪನನ್ನು ಬಂಡಿಯಲ್ಲಿ ಎಳೆತಂದು ಅದೇ ಬೇವಿನ ಮರಕ್ಕೆ ಕಟ್ಟಿದರು. ಹಾಸಿಗೆಯನ್ನು ಅಂಗಳಕ್ಕೆ ಹಾಕಿಸಿಕೊಂಡು ನಿಮ್ಮ ಮುತ್ಯಾ ಮಲಗಿದ್ದರು.

“ಕಚ್ಚಾ ದಾರ ಹಾಕಿದ್ಯಲ್ಲೋ, ಹರಾಮ್‌ಖೋರ!”

ಮಾಣಿಕಪ್ಪ ಚೀಲ ನೋಡುತ್ತೇನೆ ಎಂದ. ಯಾರೋ ಮುಖದ ಮುಂದೆ ಹಿಡಿದರು. ಒಂದೊಂದೇ ತೂತು ನೋಡಿದ.

“ಹೊಲಿಗಿ ಬಿಚ್ಚಿತು ಅಂತೇ ತಿಳೀರಿ, ಸಾಹೇಬ್ರ. ಪಟ್ಟಾದ ಕಡಿ ದೋರಿ ಗಂಟು ತಾನ ಹ್ಯಾಂಗ ಬಿಚ್ಚತದ ರೀ?”

ಅಷ್ಟು ಅಂದು ಬಾಗಿಲ ಕಡೆ ನೋಡಿದ. ಬಾಗಿಲ ಮರೆಯಲ್ಲಿ ನಾನಿದ್ದೆ. ಒಂದು ಗಳಿಗೆ — ಅವನು ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ನಾನಾದರೂ ಹೊರಗೆ ಬರಬಹುದಿತ್ತು. ಬರಲಿಲ್ಲ. ಎದುರು ಮಾತಾಡಿದನೆಂದು ಅವನ ಬಲಗೈಯನ್ನು ಒರಳಿನ ಮೇಲೆ ಇಟ್ಟು, ಸಿಪಾಯಿಗಳು ತಮ್ಮ ಬಂದೂಕಿನ ಹಿಂಬದಿಯಿಂದ ಹೆಬ್ಬೆರಳು ಜಜ್ಜಿದರು. ದಾರ ಬಿಗಿಯುವ ಬೆರಳು ಅದು.

ಅದೇ ದಿನ, ಬಂಡಿಯ ಹಿಂದೆಯೇ ಬಂದಿದ್ದ ಅವನ ಹೆಂಡತಿ ಲಚಮವ್ವ ಹಿತ್ತಲ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು.

“ಅವ್ವಾರ, ಚೀಲ ದಿನಾ ನಿಮ್ಮ ಕೈಯಾಗ ಇರ್ತಿತ್ತು. ನೆಟ್ಟಗ ಇತ್ತು ಅಂತ ಒಂದು ಮಾತು ಹೇಳ್ರಿ. ಅಷ್ಟೇ ಸಾಕ್ರಿ. ಊರು ಬಿಡ್ರಿ ಅನ್ನಾಕ್ಹತ್ಯಾರ.”

ನನ್ನ ಹಿಂದೆ ಅಡಿಗೆ ಮನೆಯಲ್ಲಿ ಅತ್ತೆಯ ಬಳೆ ಸದ್ದು ಕೇಳಿತು. ನಾನು ಅಂದೆ, “ನನಗೇನೂ ಗೊತ್ತಿಲ್ಲ. ಹೊಲಿಗಿ ಕಚ್ಚಾ ಇತ್ತು.”

ಗೊತ್ತಿಲ್ಲ ಎನ್ನುವಷ್ಟಕ್ಕೆ ನಿಲ್ಲಬಹುದಿತ್ತು. ಎರಡನೆಯ ಮಾತನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದೆ — ಗಟ್ಟಿಯಾಗಿ, ಅತ್ತೆಗೆ ಕೇಳುವ ಹಾಗೆ. ನನ್ನ ಜೀವಮಾನದಲ್ಲಿ ಸಂಕೋಚವಿಲ್ಲದೆ ಆಡಿದ ಮಾತು ಅದೊಂದೇ.

ಲಚಮವ್ವ ಅಳಲಿಲ್ಲ. “ಹೌದ್ರಿ ಅವ್ವಾರ, ನಿಮ್ಮ ಮಾತಿಗಿ ಮಾತ್ರ ಹೊಲಿಗಿ ಪಕ್ಕಾ ಅದ,” ಅಂದು ಹಿತ್ತಲ ಕಲ್ಲಿನ ಮೇಲೆ ಉಗುಳಿ ಹೋದಳು. ಅವರು ಔರಾದ ಬಿಟ್ಟು ಡಾಬಕಾ ಎಂಬ ಹಳ್ಳಿ ಸೇರಿದರು. ಅಮೀನರ ಕಾಲು ಕುಂಟು ಮಾಡಿದವನೆಂದು ಅಲ್ಲಿಯೂ ಅವನಿಗೆ ಯಾರೂ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ಕಂಡವರ ಹೊಲದಲ್ಲಿ ಕೂಲಿ ಮಾಡಿ ಸತ್ತ. ನಿಮ್ಮ ಮುತ್ಯಾ ಸಾಯುವ ಕಾಲಕ್ಕೂ ಅವನನ್ನೇ ಬೈಯುತ್ತಿದ್ದರು. ಬೈದು ಬೈದು ಬಾಯಿ ಒಣಗಿದಾಗ ನೀರು ಬಿಟ್ಟವಳು ನಾನು. ಆಗಲೂ ಹೇಳಲಿಲ್ಲ.

ಪಿಸ್ತೂಲನ್ನು ನಿಮ್ಮ ಅಪ್ಪಂದಿರು ಸರ್ಕಾರಕ್ಕೆ ಒಪ್ಪಿಸಿದರು. ಚೀಲ ಇನ್ನೂ ಹಳೆಯ ಕೊಟ್ಟಿಗೆಯ ಗೂಟದಲ್ಲೇ ಇತ್ತು. ನಿನ್ನೆ ಅದನ್ನು ಇಳಿಸಿ, ಹೊಸ್ತಿಲು ದಾಟಿಸಿ, ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ನೀವೇ ಹೋಗಿ ನೋಡಿ. ಎಳೆತಕ್ಕೆ ಕಿತ್ತ ಹೊಲಿಗೆಯ ತೂತು ಸೀಳಿಕೊಂಡು ಅಗಲವಾಗಿರುತ್ತದೆ. ಅದರ ಕಡೆಯ ಎರಡು ತೂತು ಮಾತ್ರ ಹಾಗಿವೆ. ಉಳಿದವೆಲ್ಲ ಮಾಣಿಕಪ್ಪ ಚುಚ್ಚಿದಾಗ ಇದ್ದ ಹಾಗೇ ದುಂಡಗೆ, ಒಂದೇ ಸಾಲಿನಲ್ಲಿವೆ.

ನಾಳೆ ಬೆಳಿಗ್ಗೆ ಆ ಚೀಲ ತೆಗೆದುಕೊಂಡು ಡಾಬಕಾಕ್ಕೆ ಹೋಗುತ್ತೇನೆ. ಅವತ್ತು ಲಚಮವ್ವನ ಕಂಕುಳಲ್ಲಿದ್ದ ಕೂಸು ಈಗ ಅಲ್ಲಿ ಮಕ್ಕಳೊಂದಿಗನಂತೆ. ಅವರ ಬಾಗಿಲಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವ ಹಾಗೆ, ಅವತ್ತು ಆಡಿದಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವರು ಉಗುಳಿದರೆ ಒರೆಸಿಕೊಳ್ಳುವುದಿಲ್ಲ.

ಗಂಗಾ, ನಿನ್ನ ಸಾಲಿ ಚೀಲದ ಪಟ್ಟಿ ಹೊಲಿದಿಟ್ಟಿದ್ದೇನೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಮತ್ತೆ ಕಿತ್ತರೂ ಕಿತ್ತೀತು. ಕಿತ್ತರೆ “ಕಾಶಮ್ಮನ ಹೊಲಿಗಿ” ಅನ್ನು. ಮನೆಯಲ್ಲಿ ಎಲ್ಲರೂ ಹಾಗೇ ಅನ್ನಿ. ನಗುವುದಾದರೆ ನಕ್ಕುಬಿಡಿ. ಆ ಮಾತಿನಲ್ಲಿ ಇರಬೇಕಾದ ಹೆಸರು ನನ್ನದು.