ಶಾರ್ಶೆನ್ ಹಾಕಿದ ಸಹಿ

ಅತ್-ಬಾಶಿ ಎಂಬ ಬೆಟ್ಟದೂರಿನ ಕುರಿಗಾಹಿಯ ಮಗನಾಗಿ ಹುಟ್ಟಿಯೂ ಶಾರ್ಶೆನ್‌ಗೆ ಕುದುರೆಯೆಂದರೆ ಅಷ್ಟಕ್ಕಷ್ಟೇ. ಏಳನೇ ವಯಸ್ಸಿನಲ್ಲಿ ಜೀನಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಮುಂದೆ ಸೈನ್ಯದಲ್ಲಿ ಲಾರಿಯ ಸ್ಟಿಯರಿಂಗ್ ಕೈಗೆ ಸಿಕ್ಕಾಗ, "ಇದು ಒದೆಯುವುದೂ ಇಲ್ಲ, ಕಚ್ಚುವುದೂ ಇಲ್ಲ" ಎಂದು ಅಪ್ಪನಿಗೆ ಕಾಗದ ಬರೆದ. ಆ ಕಾಗದವನ್ನು ಓದಿಸಿ ಕೇಳಿದ ಅಪ್ಪ ಊರಿನವರ ಮುಂದೆ ತಲೆ ಎತ್ತದಂತಾದನಂತೆ.

ಅಲ್ಲಿಂದ ಐವತ್ತೊಂಬತ್ತು ತುಂಬುವವರೆಗೂ ಶಾರ್ಶೆನ್ ಲಾರಿ ಓಡಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಉಣ್ಣೆ ಸಾಗಿಸಿದ, ಹಳೇ ಕಬ್ಬಿಣ ಸಾಗಿಸಿದ. ಕಡೆಗೆ ಚೀನಾ ಗಡಿಯ ತೊರುಗಾರ್ತ್‌ನಿಂದ ಬಿಶ್ಕೆಕ್‌ಗೆ ಸರಕು ಹೊರುವ ಕಂಪನಿಯೊಂದನ್ನು ಸೇರಿದ. ಅದರ ಯಜಮಾನನೂ ಒಂದು ಕಾಲದಲ್ಲಿ ಚಾಲಕನೇ. ಕಂಪನಿಯನ್ನು ತಾನೇ ನೋಡಿಕೊಳ್ಳುತ್ತಿದ್ದಾಗ ಚಳಿಗಾಲ ಬಂತೆಂದರೆ ಚಕ್ರಕ್ಕೆ ಸುತ್ತುವ ಹಿಮದ ಸರಪಳಿಗಳನ್ನು ತಾನೇ ಹೊತ್ತು ತಂದು ಲಾರಿಗೊಂದು ಜೊತೆ ಇಡಿಸುತ್ತಿದ್ದ. ಅವನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನಾರಿನ್ ಪಟ್ಟಣದ ಕಚೇರಿಯಲ್ಲಿ ತಿಲೆಕ್ ಎಂಬ ಮೂವತ್ತರ ಯುವಕ ವ್ಯವಸ್ಥಾಪಕನಾಗಿ ಬಂದು ಕುಳಿತ.

ತಿಲೆಕ್ ಒಂದು ದಿನವೂ ದನಿ ಏರಿಸಿದವನಲ್ಲ. ಎಲ್ಲರನ್ನೂ ಬಾಯ್ಕೆ, ಬಾಯ್ಕೆ ಎಂದು ಅಣ್ಣಂದಿರನ್ನು ಕರೆದಂತೆಯೇ ಕರೆಯುತ್ತಿದ್ದ. ಆದರೆ ಅವನು ಬಂದ ವರ್ಷವೇ ಸರಪಳಿ, ಒಡೆದ ಕನ್ನಡಿ, ಪಂಕ್ಚರು ಎಲ್ಲದರ ಖರ್ಚೂ ಚಾಲಕರ ತಲೆಗೆ ಬಂತು. ನಿಂತ ಲಾರಿಯಲ್ಲಿ ಹೀಟರ್ ಹಾಕಬಾರದು, ಡೀಸೆಲ್ ದಂಡ. ಅರ್ಧ ಗಂಟೆಗಿಂತ ಹೆಚ್ಚು ಎಲ್ಲಿ ನಿಂತರೂ ಕಚೇರಿಯ ಪರದೆಯಲ್ಲಿ ಕೆಂಪು ಚುಕ್ಕೆ ಮೂಡಿ ಫೋನು ಬರುತ್ತಿತ್ತು. "ನಾವು ಉಚ್ಚೆ ಹೊಯ್ಯೋಕೆ ಇಳಿದ್ರೂ ನಾರಿನ್‌ನಲ್ಲಿ ಗಂಟೆ ಹೊಡೀತದೆ" ಎಂದು ಚಾಲಕರು ನಗುತ್ತಿದ್ದರು.

ಹಿರಿಯ ಚಾಲಕನೆಂದು ಶಾರ್ಶೆನ್‌ಗೆ ಇನ್ನೊಂದು ಕೆಲಸ ಅಂಟಿತು. ಪ್ರತಿ ಲಾರಿ ಹೊರಡುವ ಮುನ್ನ ಬ್ರೇಕು, ದೀಪ, ಸರಪಳಿ ಎಲ್ಲ ಸರಿಯಿದೆಯೆಂಬ ಕಾಗದಕ್ಕೆ ಸಹಿ ಹಾಕಬೇಕು. ಮೊದಲ ವಾರ ಕೆಳಗೆ ತೂರಿ ನೋಡಿದ. ಸರಪಳಿ ಇಲ್ಲವಲ್ಲ ಎಂದರೆ, "ಚಾಲಕರು ತಗೋತಾರೆ ಬಾಯ್ಕೆ, ನೀವು ಸಹಿ ಹಾಕಿ" ಎಂದ ತಿಲೆಕ್. ಆಮೇಲಾಮೇಲೆ ನೋಡುವುದು ನಿಂತಿತು, ಸಹಿ ನಿಲ್ಲಲಿಲ್ಲ.

ಆ ನವೆಂಬರಿನಲ್ಲಿ ದೊಲೊನ್ ಘಟ್ಟದ ಮೇಲೆ ಬೆಳಗಿನಿಂದಲೇ ಹಿಮ ಬೀಳುತ್ತಿತ್ತು. ಘಟ್ಟದ ಕೆಳಗಿನ ಒಟ್ಟುಕ್‌ನ ಚಹಾದಂಗಡಿಯ ಮುಂದೆ ಶಾರ್ಶೆನ್ ಲಾರಿ ನಿಲ್ಲಿಸಿದ. ಹಿಂದೆಯೇ ಎರ್ನಿಸ್‌ನ ಲಾರಿ ಬಂದು ನಿಂತಿತು. ಇಪ್ಪತ್ತೊಂಬತ್ತರ ಎರ್ನಿಸ್ ಎರಡು ಮಕ್ಕಳ ತಂದೆ. ಘಟ್ಟದ ತಿರುವುಗಳಲ್ಲಿ ಗೇರು ಬದಲಿಸುವುದನ್ನು ಶಾರ್ಶೆನ್‌ನಿಂದಲೇ ಕಲಿತವನು. ಇಬ್ಬರೂ ಹಾಲು ಹಾಕಿದ ಚಹಾ, ಬಿಸಿ ಕತ್ತಾಮಾ ರೊಟ್ಟಿ ತರಿಸಿಕೊಂಡರು.

ತಿಲೆಕ್‌ನ ಫೋನು ಮೊದಲು ಶಾರ್ಶೆನ್‌ಗೆ ಬಂತು.

"ಬಾಯ್ಕೆ, ನಿಂತುಬಿಟ್ರಲ್ಲ?"

"ಹಿಮ ಬೀಳ್ತಿದೆ. ನಿನ್ನ ಪರದೇಲಿ ಅದು ಕಾಣಲ್ವಾ?"

"ಸಂಜೆ ಒಳಗೆ ಸರಕು ಇಳೀದಿದ್ರೆ ಬಿಶ್ಕೆಕ್‌ನೋರು ನಮ್ಮನ್ನ ಬಿಡ್ತಾರೆ ಬಾಯ್ಕೆ."

"ಬಿಡ್ಲಿ. ನಾನು ಗಂಟಲವರೆಗೂ ಚಹಾ ಕುಡೀತೀನಿ."

ಎರಡೇ ನಿಮಿಷಕ್ಕೆ ಎರ್ನಿಸ್‌ನ ಫೋನು ಹೊಡೆದುಕೊಂಡಿತು. ಅವನು ಎದ್ದು ಬಾಗಿಲ ಬಳಿ ಹೋಗಿ ಮಾತಾಡಿ ಬಂದ. ಕೂರಲಿಲ್ಲ, ಟೋಪಿ ಹಾಕಿಕೊಂಡ.

"ಏನಂತೆ?"

"ವಸಂತಕ್ಕೆ ಹೊಸ ಲಾರಿ ಬರ್ತವಂತೆ. ಯಾರ್ಯಾರಿಗೆ ಕೊಡೋದು ಅಂತ ಪಟ್ಟಿ ಮಾಡ್ತಿದಾರಂತೆ."

"ಅದಕ್ಕೆ?"

"ಬಾಯ್ಕೆ, ನಿಮಗೆ ಇನ್ನು ನಾಲ್ಕು ವರ್ಷಕ್ಕೆ ಪಿಂಚಣಿ. ನಾನು ಇನ್ನೂ ಮೂವತ್ತು ವರ್ಷ ಅವನ ಮುಖ ನೋಡ್ಬೇಕು."

ಶಾರ್ಶೆನ್‌ಗೆ ಸಿಟ್ಟು ನೆತ್ತಿಗೇರಿತು. ಅವನ ಲಾರಿಯ ಪೆಟ್ಟಿಗೆಯಲ್ಲಿ ಸೈನ್ಯದ ಗುಜರಿಯಿಂದ ತಂದ ಒಂದು ಜೊತೆ ಸರಪಳಿಯಿತ್ತು. ಸರಪಳಿಯಿಲ್ಲದ ಎರ್ನಿಸ್‌ಗೂ ಅದು ಗೊತ್ತು. ಇಷ್ಟು ದೊಡ್ಡವನಾಗಿದ್ದಾನಲ್ಲ, ಬೇಕಿದ್ದರೆ ಬಾಯಿಬಿಟ್ಟು ಕೇಳಲಿ ಎಂದು ಶಾರ್ಶೆನ್ ರೊಟ್ಟಿ ಮುರಿಯುತ್ತ ಕೂತ. ಎರ್ನಿಸ್ ಕೇಳಲಿಲ್ಲ. ಅವನ ಲಾರಿ ಹಿಮದೊಳಗೆ ಹತ್ತಿ ಹೋಯಿತು.

ಮಧ್ಯಾಹ್ನ ರಸ್ತೆ ತೆರವು ಮಾಡುವವರು ಸುದ್ದಿ ತಂದರು. ಆಚೆಗಿನ ಇಳಿಜಾರಿನಲ್ಲಿ ಲಾರಿ ಜಾರಿ ಕಂದಕಕ್ಕೆ ಉರುಳಿದೆ, ಒಳಗಿದ್ದವನು ಅಲ್ಲೇ ಮುಗಿದಿದ್ದಾನೆ.

ಮರುದಿನ ಬೆಳಿಗ್ಗೆ ತಿಲೆಕ್ ಶಾರ್ಶೆನ್‌ನನ್ನು ಕಚೇರಿಗೆ ಕರೆಸಿ, ಪೊಲೀಸರಿಗೆ ಕೊಡಲು ಅವನ ಹೆಸರಿನಲ್ಲಿ ಬರೆದ ಹೇಳಿಕೆಯ ಹಾಳೆಯೊಂದನ್ನು ಎದುರಿಗಿಟ್ಟ. ಎರ್ನಿಸ್‌ಗೆ ಕಂಪನಿ ಸರಪಳಿ ಕೊಟ್ಟಿತ್ತು, ನಿಲ್ಲು ಎಂದರೂ ಕೇಳದೆ, ಸರಪಳಿ ಹಾಕದೆ ತಾನಾಗಿಯೇ ಹೊರಟ ಎಂದು ಅದರಲ್ಲಿತ್ತು.

"ಇದು ಸುಳ್ಳು ಕಣಯ್ಯ."

ತಿಲೆಕ್ ಬೀರುವಿನಿಂದ ದಪ್ಪ ಕಡತ ತೆಗೆದು ಮೃದುವಾಗಿ ಅವನತ್ತ ಸರಿಸಿದ. "ಹಾಗಾದ್ರೆ ಇವೆಲ್ಲ ಏನು ಬಾಯ್ಕೆ? ಪ್ರತಿ ಸಲ 'ಸರಪಳಿ ಇದೆ' ಅಂತ ಸಹಿ ಹಾಕಿದೋರು ನೀವು. ಪೊಲೀಸಿನೋರು ನನ್ನ ಕೇಳಲ್ಲ, ನಿಮ್ಮನ್ನ ಕೇಳ್ತಾರೆ. ಈ ವಯಸ್ಸಿಗೆ ನಿಮಗೆ ಜೈಲು ಬೇಡ ಅಂತ ಹೇಳ್ತಿದೀನಿ, ಅಷ್ಟೇ."

ಶಾರ್ಶೆನ್ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ಸಹಿ ಹಾಕಿದ.

ಎರ್ನಿಸ್‌ನ ಅಂಗಳದಲ್ಲಿ ಸಾವಿನ ಗುಡಾರ ಎದ್ದಿತ್ತು. ಹೆಂಡತಿ ಸಾಲ್ಕಿನ್ ಒಳಗೆ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದಳು. ಸಾವಿಗೆ ಬಂದ ಗಂಡಸು ದೂರದಿಂದಲೇ "ಅಯ್ಯೋ ನನ್ನ ತಮ್ಮನೇ" ಎಂದು ಗಟ್ಟಿಯಾಗಿ ಅಳುತ್ತ ಗುಡಾರದತ್ತ ನಡೆಯಬೇಕು. ಶಾರ್ಶೆನ್ ಬಾಯಿ ತೆರೆದ, ದನಿಯೇ ಹೊರಡಲಿಲ್ಲ. ಬಾಯಿ ತೆರೆದುಕೊಂಡೇ ಅಷ್ಟು ದೂರ ನಡೆದ. ದುಃಖ ಗಂಟಲು ಕಟ್ಟಿದೆಯೆಂದು ಜನ ಅವನಿಗೆ ದಾರಿ ಬಿಟ್ಟರು.

ಆಮೇಲಿನ ದಿನಗಳಲ್ಲಿ ಅವನಿಗೆ ಊಟ ರುಚಿಸಲಿಲ್ಲ. ಹೆಂಡತಿ ಬೂಬೂಸರಾ ಒಂದು ದಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿ, "ಹೇಳೋದಿದ್ರೆ ಹೇಳಿ, ಇಲ್ಲಾಂದ್ರೆ ತಿನ್ನಿ. ಹೀಗೆ ಗೂಟದ ಥರ ಕೂತಿರ್ಬೇಡಿ" ಎಂದಳು. ಅವನು ಹೇಳಿದ. ಅವಳು "ನನಗ್ಯಾಕೆ ಹೇಳ್ತೀರಿ? ನಾನೇನು ಎರ್ನಿಸ್‌ನ ಹೆಂಡತೀನಾ?" ಎಂದಳು.

ನಲವತ್ತನೆಯ ದಿನ ಕುದುರೆ ಕಡಿದು ಊರಿಗೆಲ್ಲ ಊಟ ಹಾಕಿದರು. ಕಂಪನಿಯ ಚಾಲಕರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು. ಮಾಂಸ ಬಡಿಸುವಾಗ ಶಾರ್ಶೆನ್ ಎದ್ದು ನಿಂತ.

"ಎರ್ನಿಸ್‌ಗೆ ಯಾರೂ ಸರಪಳಿ ಕೊಟ್ಟಿರ್ಲಿಲ್ಲ. ಕೊಟ್ಟಿದ್ರು ಅಂತ ಸುಳ್ಳು ಸಹಿ ಹಾಕಿದೋನು ನಾನು. ನಮ್ಮಲ್ಲಿ ಯಾರಿಗೂ ಕೊಟ್ಟಿಲ್ಲ. ಅಲ್ವೇನ್ರಪ್ಪಾ? ಹೇಳ್ರಿ!"

ಚಾಲಕರು ತಟ್ಟೆ ನೋಡಿದರು. ಮಜ್ಜೆ ಹೀರುತ್ತಿದ್ದ ಒಬ್ಬ ಮೂಳೆಯನ್ನು ಹಾಗೇ ತುಟಿಗಿಟ್ಟುಕೊಂಡು ಕೂತ. ಮುಲ್ಲಾ ಗಡ್ಡ ನೀವಿಕೊಂಡು, ಊಟ ಅರ್ಧದಲ್ಲಿರುವಾಗಲೇ ಎರಡೂ ಕೈಯೆತ್ತಿ ಪ್ರಾರ್ಥನೆ ಶುರುಮಾಡಿಬಿಟ್ಟ.

ಮರುದಿನವೇ ತಿಲೆಕ್‌ನ ಫೋನು ಬಂತು. "ಬಾಯ್ಕೆ, ನೀವಿನ್ನು ವಿಶ್ರಾಂತಿ ತಗೊಳ್ಳಿ" ಎಂದ, ಎಂದಿನಷ್ಟೇ ವಿನಯದಿಂದ.

ನೀನು ಕಂಪನಿಯ ಮೇಲೆ ದಾವೆ ಹೂಡು, ಜೈಲಾದರೂ ಆಗಲಿ, ನ್ಯಾಯಾಲಯದಲ್ಲಿ ಸತ್ಯ ಹೇಳಿಬಿಡುತ್ತೇನೆ ಎನ್ನಲು ಮೂರು ವಾರದ ನಂತರ ಶಾರ್ಶೆನ್ ಸಾಲ್ಕಿನ್‌ಳ ಮನೆಗೆ ಹೋದ. ಅವಳು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಅವನ ಮಾತು ಮುಗಿಯುವವರೆಗೂ ಕೈ ನಿಲ್ಲಿಸಲಿಲ್ಲ.

"ದಾವೆ ಹೂಡಲ್ಲ ಬಾಯ್ಕೆ. ಹಾಗಂತ ನಾನೂ ಸಹಿ ಹಾಕಿಕೊಟ್ಟಿದೀನಿ. ಕಚೇರಿ ಅಡುಗೆಮನೇಲಿ ಕೆಲಸ ಕೊಟ್ಟಿದಾರೆ. ಸೋಮವಾರದಿಂದ ಹೋಗ್ಬೇಕು."

"ಅವನ ಕೈಕೆಳಗೇನಮ್ಮಾ?"

"ಮತ್ಯಾರು ಕರೆದ್ರು? ನೀವು ಕರೆದ್ರಾ? ನಲವತ್ತರ ದಿನ ನೀವು ಎದ್ದು ನಿಂತಿದ್ದಕ್ಕೆ ಆ ಕೆಲಸಾನೂ ತಪ್ಪಿಹೋಗೋದ್ರಲ್ಲಿತ್ತು. ನನಗೂ ನಿಮಗೂ ಏನೂ ಸಂಬಂಧ ಇಲ್ಲ ಅಂತ ಹತ್ತು ಸಲ ಬೇಡ್ಕೊಂಡೆ." ಹಿಟ್ಟನ್ನು ಮಗುಚಿ ಹಾಕಿದಳು. "ನಿಮ್ಮ ಎದೆ ಹಗುರ ಆಯ್ತಲ್ಲ. ಸಾಕು ಬಿಡಿ."

ಶಾರ್ಶೆನ್ ಟೋಪಿ ತೆಗೆದುಕೊಂಡು ಎದ್ದ. ಅವನು ಬಾಗಿಲು ಮುಟ್ಟಿದಾಗ ಅವಳು ಹಿಂದಿನಿಂದ ಕೇಳಿದಳು.

"ಅವತ್ತು ಒಟ್ಟುಕ್‌ನಲ್ಲಿ ಯಾರ ಹತ್ರಾನೂ ಸರಪಳಿ ಇರ್ಲಿಲ್ವಾ?"

"ಇರ್ಲಿಲ್ಲ" ಎಂದ ಶಾರ್ಶೆನ್.

ಈಗ ಅವನು ಗುಡ್ಡದಾಚೆಯ ಗಣಿಯಿಂದ ಕಲ್ಲಿದ್ದಲು ಹೊರುವ ಹಳೇ ಲಾರಿಯೊಂದನ್ನು ಓಡಿಸುತ್ತಾನೆ. ಅದರ ಒಂದು ಬಾಗಿಲು ಹಾಕಿಕೊಳ್ಳುವುದಿಲ್ಲ, ಹಗ್ಗ ಕಟ್ಟಿಕೊಂಡಿದ್ದಾನೆ. ಒಟ್ಟುಕ್ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಚಾಲಕರು ಚಹಾ ಕುಡಿಯುತ್ತ ಕೂತಿರುವುದು ಗಾಜಿನಿಂದ ಕಾಣುತ್ತದೆ. ಕೆಲವರು ಕೈ ಎತ್ತುತ್ತಾರೆ. ಅವನು ನಿಲ್ಲಿಸುವುದಿಲ್ಲ.