ಪ್ಲಿಮತ್ತಿನ ವಿಳಾಸ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಮೈಸೂರಿನಲ್ಲಿ ಹಾಲಿನವಳು ಎದುರಿಗೇ ಅಳೆದು ಹಾಕಿದ ಹಾಲನ್ನು ಒಳಗೆ ಹೋಗಿ ಮತ್ತೊಮ್ಮೆ ಅಳೆಯುತ್ತಿದ್ದವನು ನಾನು. ಅಮೆರಿಕಕ್ಕೆ ಬಂದ ಮೇಲೆ ಆ ಬುದ್ಧಿಗೆ ಹೊಸ ಮೇವು ಸಿಕ್ಕಿತು, ಟಪಾಲು. ಸರ್ಕಾರದ ಲಕೋಟೆ ಬಂದರೆ ಬಿಚ್ಚುವ ಮೊದಲೇ ಯಾರು ಏನು ಚಾಡಿ ಹೇಳಿರಬಹುದು ಎಂದು ಯೋಚಿಸುತ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಪ್ಲಿಮತ್ತಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಡ್ರಾಯಿಂಗ್ ಹಾಕುವ ಎಂಜಿನಿಯರ್. ನನ್ನ ಹೆಂಡತಿಗೆ ಶಿಕಾಗೋ ಕಡೆ, ನೇಪರ್‌ವಿಲ್ ಹತ್ತಿರದ ಲ್ಯಾಬೊರೇಟರಿಯಲ್ಲಿ ಕೆಲಸ ಸಿಕ್ಕಿತು. ನನ್ನದಕ್ಕಿಂತ ಒಳ್ಳೆಯ ಕೆಲಸ, ಬಿಡುವಂತಿರಲಿಲ್ಲ. ರಾಜೀನಾಮೆ ಕೊಡಲು ಹೋದರೆ ನನ್ನ ಮೇಲಧಿಕಾರಿ, ನೀನು ಎಲ್ಲಿ ಕೂತರೇನು, ಡ್ರಾಯಿಂಗ್ ಬಂದರೆ ಸಾಕು ಎಂದ. ಹೀಗೆ ನೇಪರ್‌ವಿಲ್‌ನ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷಿನ್ ಪಕ್ಕ, ನನ್ನ ಆಫೀಸು ಶುರುವಾಯಿತು. ಮುಗಿದ ಡ್ರಾಯಿಂಗುಗಳನ್ನು ರಟ್ಟಿನ ಕೊಳವೆಯಲ್ಲಿ ಸುತ್ತಿ ಬಸ್ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೆ. ತಿಂಗಳಿಗೊಮ್ಮೆ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿ ಮುಖ ತೋರಿಸಿ ಬರುತ್ತಿದ್ದೆ. ಹಗಲಿಡೀ ಮನೆಯಲ್ಲಿರುವ ಗಂಡಸೆಂದು ಪಕ್ಕದ ಮನೆಯಾಕೆ ನನ್ನನ್ನು ನಿರುದ್ಯೋಗಿ ಎಂದೇ ತಿಳಿದಿದ್ದಳು.

ಕಂಪನಿಯ ಕಾಗದಗಳಲ್ಲಿ ನಾನು ಕೊಟ್ಟಿದ್ದು ಪ್ಲಿಮತ್ತಿನ ಅಂಕಲ್ ಮನೆಯ ವಿಳಾಸ. ಅಂಕಲ್ ನಮ್ಮ ಮೈಸೂರಿನವರೇ, ಅಲ್ಲಿ ಸ್ವಂತ ಮನೆ ಕಟ್ಟಿಕೊಂಡ ಹಿರಿಯರು. ನಮ್ಮಲ್ಲಿ ರೂಢಿಯೇ ಹಾಗಲ್ಲವೇ? ಬಾಡಿಗೆ ಮನೆ ಇವತ್ತು ಇದೆ, ನಾಳೆ ಇಲ್ಲ. ಯಾವ ಅರ್ಜಿಗಾದರೂ ನೆಲೆ ನಿಂತವರ ವಿಳಾಸ ಕೊಟ್ಟರೆ ಕಾಗದ ಕಳೆಯುವುದಿಲ್ಲ. ನೇಪರ್‌ವಿಲ್‌ಗೆ ಬಂದ ಮೇಲೂ ಅದನ್ನು ಬದಲಾಯಿಸಲಿಲ್ಲ. ಹಾಗಾಗಿ ಕಂಪನಿಯವರು ಸಂಬಳದಲ್ಲಿ ಮಿಶಿಗನ್ ರಾಜ್ಯದ ತೆರಿಗೆ ಹಿಡಿದುಕೊಳ್ಳುತ್ತಿದ್ದರು. ನೇಪರ್‌ವಿಲ್ ಇದ್ದ ಇಲಿನಾಯ್ ರಾಜ್ಯ ಆದಾಯ ತೆರಿಗೆ ಹಾಕಲು ಶುರುಮಾಡಿ ಕೆಲವೇ ವರ್ಷಗಳಾಗಿದ್ದವು. ಆ ರಾಜ್ಯಕ್ಕೆ ಹೆಂಡತಿ ತನ್ನದನ್ನು ಕಟ್ಟುತ್ತಿದ್ದಳು, ನಾನು ಏನೂ ಕಟ್ಟುತ್ತಿರಲಿಲ್ಲ.

ನಮಗೆ ಹತ್ತಿರದಲ್ಲಿದ್ದ ಕನ್ನಡದ ಮನೆ ಒಂದೇ, ಪ್ಲೇನ್‌ಫೀಲ್ಡಿನಲ್ಲಿ. ಹುಬ್ಬಳ್ಳಿ ಕಡೆಯ ದಂಪತಿ; ಗಂಡ ಡಾಕ್ಟರು, ಹೆಂಡತಿ ಮನೆಯಲ್ಲೇ ಇರುತ್ತಿದ್ದರು. ನನ್ನ ಹೆಂಡತಿ ಬಸುರಿಯಾದಾಗ ಊರಿಂದ ಬರುವವರು ಯಾರೂ ಇರಲಿಲ್ಲ. ಅವಳ ತಾಯಿ ತೀರಿಹೋಗಿದ್ದರು, ನನ್ನ ತಾಯಿಗೆ ವಿಮಾನವೆಂದರೆ ನಡುಕ. ಡಾಕ್ಟರ ಹೆಂಡತಿ ತಾವಾಗಿಯೇ, ಬಾಣಂತನ ನಾನು ಮಾಡುತ್ತೇನೆ, ನಲವತ್ತು ದಿನ ನಿಮ್ಮ ಮನೆಯಲ್ಲೇ ಇರುತ್ತೇನೆ ಎಂದರು. ಅಂದು ಕಾರಿನಲ್ಲಿ ವಾಪಸು ಬರುವಾಗ ನನ್ನ ಹೆಂಡತಿ ಎಷ್ಟೋ ತಿಂಗಳ ನಂತರ ಹಾಡು ಗುನುಗಿದಳು.

ಒಂದು ಭಾನುವಾರ ಡಾಕ್ಟರು ನನ್ನ ಬೇಸ್‌ಮೆಂಟಿಗೆ ಇಳಿದು ಬಂದರು. ಡ್ರಾಯಿಂಗ್ ಬೋರ್ಡು, ಕೊಳವೆಗಳು ಎಲ್ಲ ನೋಡಿದರು.

"ಇಲ್ಲೇ ಕುಂತು ಮಾಡ್ತೀರಂದ್ರ, ಟ್ಯಾಕ್ಸ್ ಯಾವ ಸ್ಟೇಟಿಗೆ ಕಟ್ತೀರಿ?"

ಮಿಶಿಗನ್‌ಗೆ ಎಂದೆ. ಅವರು ಹೂಂ ಎಂದರು. ಆ ಹೂಂ ನನಗೆ ಹಿಡಿಸಲಿಲ್ಲ.

ಮೂರು ವಾರಕ್ಕೆ ಇಲಿನಾಯ್ ತೆರಿಗೆ ಇಲಾಖೆಯ ಕಾಗದ ಬಂತು. ನೀವು ಈ ರಾಜ್ಯದಲ್ಲಿ ವಾಸವಿರುವುದಾಗಿ ಮಾಹಿತಿ ಬಂದಿದೆ, ರಿಟರ್ನ್ ಏಕೆ ಸಲ್ಲಿಸಿಲ್ಲ, ತಿಳಿಸಿ ಎಂದು. ಮಾಹಿತಿ ಬಂದಿದೆ ಎಂಬಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದೆ. ಮಾಹಿತಿ ತಾನಾಗಿ ನಡೆದು ಬರುತ್ತದೆಯೇ? ಕೊಟ್ಟವರು ಬೇಕಲ್ಲ. ಗ್ರೀನ್ ಕಾರ್ಡು ಕಿತ್ತುಕೊಂಡು ದೇಶದಿಂದಲೇ ಓಡಿಸಿಬಿಡುತ್ತಾರೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಡಾಕ್ಟರು ಹೊಸ ಕಾರು ತಗೊಂಡದ್ದು, ಫೋನಿನಲ್ಲಿ ಬೇಗ ಮಾತು ಮುಗಿಸಿದ್ದು, ಎಲ್ಲವೂ ಸಾಕ್ಷಿಯಾಗಿ ಕಂಡವು.

ನೇರವಾಗಿ ಅವರನ್ನೇ ಕೇಳಿ ಎಂದು ಹೆಂಡತಿ ಅಂಗಲಾಚಿದಳು. ಕಳ್ಳನನ್ನು ಕೇಳಿದರೆ ಒಪ್ಪಿಕೊಳ್ಳುತ್ತಾನೆಯೇ ಎಂದು ಗದರಿದೆ. ಇನ್ನು ಆ ಮನೆಯವರು ನಮ್ಮ ಹೊಸಿಲು ತುಳಿಯಕೂಡದು.

"ಊರಿಂದ ನಮ್ಮೋರೇ ಬರ್ತಿದಾರೆ ಅಂತ ಹೇಳ್ಬಿಡು," ಎಂದು ಫೋನು ಅವಳ ಕೈಗೆ ಕೊಟ್ಟೆ. ಅವಳು ಹಾಗೇ ಹೇಳಿದಳು.

ಜನವರಿಯಲ್ಲಿ ಮಗಳು ಹುಟ್ಟಿದಳು. ಹೊರಗೆ ಸೊನ್ನೆಗಿಂತ ಕೆಳಗಿಳಿದ ಚಳಿ. ಬಾಣಂತನ ನಾನೇ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೆಣಸಿನ ಸಾರಿನ ಒಗ್ಗರಣೆ ಸೀದುಹೋಗುತ್ತಿತ್ತು. ಮಗುವಿಗೆ ಸ್ನಾನ ಮಾಡಿಸುವುದನ್ನು ಆಸ್ಪತ್ರೆಯವರು ಕೊಟ್ಟ ಪುಸ್ತಿಕೆ ನೋಡಿ ಕಲಿತೆವು. ಹೆಂಡತಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ಯಾರೂ ಇರಲಿಲ್ಲ. ಅವಳು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ಕೆಳಗೆ ಬೋರ್ಡಿನ ಮುಂದೆ ಕೂತ ನನಗೆ ಅದು ಕೇಳಿಸುತ್ತಿತ್ತು.

ಮಾರ್ಚಿನಲ್ಲಿ ಶಿಕಾಗೋದ ತೆರಿಗೆ ಕಚೇರಿಗೆ ಬರುವಂತೆ ನನಗೆ ಕರೆ ಬಂತು. ಬಿಳಿ ಕೂದಲಿನ ಗುಮಾಸ್ತೆ ಫೈಲು ತೆರೆದು ಒಂದು ಲಕೋಟೆ ಮುಂದಿಟ್ಟಳು. ಮಿಶಿಗನ್ ತೆರಿಗೆ ಇಲಾಖೆ ಅಂಕಲ್ ಮನೆಯ ವಿಳಾಸಕ್ಕೆ ನನಗೆ ಕಳಿಸಿದ್ದ ಲಕೋಟೆ. ಅದರ ಮೇಲೆ ಅಂಕಲ್ ಅವರ ದುಂಡು ಅಕ್ಷರ: ಇವರು ಈಗ ಇಲ್ಲಿ ವಾಸವಿಲ್ಲ, ಇಲಿನಾಯ್‌ನಲ್ಲಿದ್ದಾರೆ. ಕೆಳಗೆ ನಮ್ಮ ಮನೆ ನಂಬರು, ರಸ್ತೆ, ಎಲ್ಲ. ಕಾಗದ ನನಗೆ ತಲುಪಲಿ ಎಂದು ಪಾಪ ಅವರು ಮತ್ತೆ ಪೋಸ್ಟಿಗೆ ಹಾಕಿದ್ದರು. ಅದು ನನಗೆ ಬರದೆ ವಾಪಸು ಮಿಶಿಗನ್ ಇಲಾಖೆಗೇ ಹೋಗಿತ್ತು, ಅಲ್ಲಿಂದ ಇಲ್ಲಿಗೆ.

ಎಲ್ಲಿ ವಾಸ ಮಾಡಿ ದುಡಿಯುತ್ತೀಯೋ ಅಲ್ಲಿ ಕಟ್ಟು, ಎರಡು ರಾಜ್ಯಗಳಿಗೂ ಒಪ್ಪಂದವಿದೆ, ಮಿಶಿಗನ್‌ನವರು ಹಿಡಿದದ್ದನ್ನು ವಾಪಸು ಕೊಡುತ್ತಾರೆ ಎಂದು ಆಕೆ ಫಾರಂಗಳನ್ನು ಕೊಟ್ಟಳು. ಗ್ರೀನ್ ಕಾರ್ಡಿನ ಮಾತು ಎತ್ತಿದ್ದಕ್ಕೆ ನಕ್ಕಳು. ನಾನು ಅಭ್ಯಾಸಬಲದಿಂದ ಅಂಚೆ ಮುದ್ರೆಯ ತಾರೀಖು ನೋಡಿದೆ. ಡಾಕ್ಟರು ನನ್ನ ಬೇಸ್‌ಮೆಂಟಿಗೆ ಇಳಿದ ಭಾನುವಾರಕ್ಕಿಂತ ಅದು ಒಂದು ತಿಂಗಳು ಹಿಂದಿನದು.

ಅಲ್ಲಿಂದ ನೇರ ಪ್ಲೇನ್‌ಫೀಲ್ಡಿಗೆ ಹೋದೆ. ಡಾಕ್ಟರು ಆಸ್ಪತ್ರೆಯಲ್ಲಿದ್ದರು. ಬಾಗಿಲು ತೆಗೆದ ಅವರ ಹೆಂಡತಿಯ ಮುಂದೆ ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಊರಿಂದ ಬರುತ್ತಾರೆಂದದ್ದೂ ನಾನು ಹೇಳಿಸಿದ ಸುಳ್ಳು ಎಂದೆ. ಆಕೆ ನನ್ನನ್ನು ಬೈಯಲಿಲ್ಲ.

"ಬಾಣಂತಿಗೆ ಎಣ್ಣಿ ಹಚ್ಚಿ ನೀರ ಹಾಕಿದವರ್ಯಾರು?"

"ಯಾರೂ ಇಲ್ಲ."

ಆಕೆ ಒಳಗೆ ಹೋದರು. ಇನ್ನು ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಬಂದಾಗ ಕೋಟು ಹಾಕಿಕೊಂಡಿದ್ದರು, ಕೈಯಲ್ಲಿ ಒಂದು ಎಣ್ಣೆ ಬಾಟಲಿ, ಒಂದು ಡಬ್ಬಿ. ಬಾಣಂತಿಗೆಂದು ಹೆರಿಗೆಗೆ ಮೊದಲೇ ಕಟ್ಟಿಟ್ಟಿದ್ದ ಅಂಟಿನ ಉಂಡೆಗಳಂತೆ. ಬೇಡ ಅಂದ ಮೇಲೂ ಅವನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಮ್ಮ ಮನೆಗೆ ಬಂದರು.

ನಾನು ಬೇಸ್‌ಮೆಂಟಿಗೆ ಇಳಿದು ಬೋರ್ಡಿನ ಮುಂದೆ ಕೂತೆ. ಮೇಲೆ ಬಚ್ಚಲಿನಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಅಳುವುದೂ ಕೇಳಿಸಿತು. ಈ ಸಲ ಅವಳು ನಲ್ಲಿ ಬಿಟ್ಟುಕೊಂಡಿರಲಿಲ್ಲ.