ಅಮ್ಮಿಯ ಗಾಯದ ವಾಸನೆ

ಏಪ್ರಿಲ್ ಬಂತೆಂದರೆ ಕಟ್ಟೆಯ ಕಾದ ಕಲ್ಲಿನ ಮೇಲೆ ಕೂಡಲಾಗದ ಊರು ಮಾದನಹಿಪ್ಪರಗಾ. ಅಲ್ಲಿ ಹುಟ್ಟಿದ ಶಾಹೀನಳ ಉದ್ಯೋಗ ಮಾತ್ರ ಹಿಮದ್ದು. ಬಸ್ಸು ಹತ್ತಿ ಕಲಬುರಗಿಗೆ ಹೋಗಿ, ಒಂದು ಲ್ಯಾಬಿನ ಥಂಡಿ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂಡುತ್ತಾಳೆ. ಲಡಾಖಿನ ಹಿಮದಿಂದ ತಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಅವುಗಳ ರಸ ಕೊಲ್ಲುತ್ತದೆಯೇ ಎಂದು ನೋಡುತ್ತಾಳೆ. ಹಿಮಕ್ಕೆ ಬರ್ಫ್ ಎನ್ನುವ ಊರವರು ಅವಳಿಗೆ 'ಬರ್ಫಿನ ಶಾಹೀನ' ಎಂದು ಹೆಸರಿಟ್ಟಿದ್ದಾರೆ.

ಈ ವರ್ಷ ತೊಗರಿ ಕೊಯ್ದ ಹೊಲದಲ್ಲಿ ಅವಳ ತಾಯಿ ಮೆಹರಾಜಬೇಗಂಳ ಅಂಗಾಲಿಗೆ ಮೊನಚು ಕೂಳೆ ನಟ್ಟಿತು. ಸಕ್ಕರೆ ಕಾಯಿಲೆಯ ಕಾಲು. ಗಾಯದಲ್ಲಿ ಹಸಿರು ಕೀವು ಕಟ್ಟಿತು. ಅದಕ್ಕೆ ಕೊಳೆತ ದ್ರಾಕ್ಷಿಯ ಸಿಹಿ ವಾಸನೆ, ಮೈ ಜುಮ್ಮೆನ್ನಿಸುವಂಥದ್ದು. ಯಾವ ಇಂಜೆಕ್ಷನ್ನಿಗೂ ಅದು ಜಗ್ಗಲಿಲ್ಲ. ಶಾಹೀನ ಕೀವಿನ ಸ್ಯಾಂಪಲ್ ಲ್ಯಾಬಿಗೆ ಒಯ್ದು, ಹಿಮದ ಜೀವಿಗಳ ರಸವನ್ನು ಒಂದೊಂದಾಗಿ ಹಾಕಿ ನೋಡಿದಳು. ಆದರೆ ಆ ಜೀವಿಗಳು ಬೆಳೆಯುವುದೇ ತೀರ ನಿಧಾನ. ಅಷ್ಟರಲ್ಲಿ ತಾಯಿ ತೀರಿಕೊಂಡಳು.

ತಾಯಿಯ ಗಾಯದ ರೋಗಾಣು ಮಾತ್ರ ಲ್ಯಾಬಿನಲ್ಲಿ, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ, ಬದುಕಿತ್ತು. ಬಾಗಿಲು ತೆರೆದರೆ ಅದೇ ಸಿಹಿ ವಾಸನೆ. ಕೊಲ್ಲಬೇಕೆಂದೇ ಸಾಕುತ್ತ, ಶಾಹೀನ ಅದಕ್ಕೆ ಹೊತ್ತುಹೊತ್ತಿಗೆ ಹೊಸ ಆಹಾರ ಹಾಕುತ್ತಿದ್ದಳು.

ಸತ್ತವರು ನಲವತ್ತನೆಯ ದಿನದ ಪ್ರಾರ್ಥನೆ, ಫಾತಿಹಾದವರೆಗೆ ಮನೆಗೆ ಬಂದು ಹೋಗುತ್ತಾರೆಂದು, ತಾಯಿಯ ತಂಗಿ, ಶಾಹೀನಳ ಖಾಲಾ ವಜೀರುನ್ನಿಸಾ ದಿನಾ ಸಂಜೆ ಅಕ್ಕನ ಮಂಚದ ಬಳಿ ಲೋಟ ತುಂಬ ನೀರಿಡುತ್ತಿದ್ದಳು. ಬೆಳಿಗ್ಗೆ ಅದು ಎರಡು ಬೆರಳು ಇಳಿದಿರುತ್ತಿತ್ತು.

"ನೋಡ ಬೇ, ನಿಮ್ಮ ಅಮ್ಮಿ ಕುಡದು ಹೋಗ್ಯಾಳ."

'ಸೆಕೆಗೆ ನೀರು ಆರಿತು, ಖಾಲಾ' ಎಂದು ಇಷ್ಟೆಲ್ಲ ಓದಿದವಳು ಹೇಳಬೇಕಿತ್ತು. ಹೇಗೆ ಹೇಳಿಯಾಳು? ಹಾಸಿಗೆ ಸುಟ್ಟು, ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದಿದ್ದರೂ ಮಂಚದ ಬಳಿ ಬಗ್ಗಿದರೆ ಆ ಸಿಹಿ ವಾಸನೆ ಅವಳ ಮೂಗಿಗೂ ಬಡಿಯುತ್ತಿತ್ತು. ಹೆದರಿಕೆಯಾಗುತ್ತಿತ್ತು, ನಿಜ. ಆದರೂ ಅಮ್ಮಿ ಬಂದಿದ್ದಾಳೆಂಬ ಸಮಾಧಾನವೇ ಹೆಚ್ಚಾಗಿತ್ತು.

ಫಾತಿಹಾಕ್ಕೆ ಇನ್ನೂ ವಾರವಿತ್ತು. ಅಂದು ಬೆಳಿಗ್ಗೆ ಲ್ಯಾಬಿನ ಗೆಳತಿ ಮೃಣಾಲಿನಿ ಬಿಸಿ ಪೆಟ್ಟಿಗೆಯ ಬಳಿಯಿಂದ ಕೂಗಿದಳು.

"ಶಾಹೀನ, ಲಗೂನ ಬಾ! ಎಲ್ಲಾ ಸತ್ತಾವ ನೋಡ!"

ಎಲ್ಲಕ್ಕಿಂತ ತಡವಾಗಿ ಬೆಳೆದ ಹಿಮದ ಜೀವಿಯೊಂದರ ರಸವನ್ನು ಹಿಂದಿನ ದಿನ ಅಮ್ಮಿಯ ರೋಗಾಣು ಬೆಳೆಯುತ್ತಿದ್ದ ಗಾಜಿನ ತಟ್ಟೆಗೆ ಹಾಕಿ ಹೋಗಿದ್ದರು. ತಟ್ಟೆಯ ಹಸಿರೆಲ್ಲ ಮಾಯವಾಗಿ ತಳದ ಗಾಜು ಕಾಣುತ್ತಿತ್ತು. ಮೂಸಬಾರದೆಂಬ ನಿಯಮ ಮರೆತು ಶಾಹೀನ ಮೂಸಿದಳು. ಯಾವ ವಾಸನೆಯೂ ಇರಲಿಲ್ಲ.

"ಅಳ್ತಿ ಯಾಕ? ಇದಕ್ಕss ಅಲ್ಲೇನು ಇಷ್ಟು ದಿನ ಒದ್ದಾಡಿದ್ದು?"

"ಖುಷಿ ಆಗ್ಯಾದ," ಎಂದಳು ಶಾಹೀನ. ಅದೂ ಸುಳ್ಳಲ್ಲ.

ಸಂಜೆ ಬಸ್ಸಿಳಿದು ಓಡೋಡಿ ಮನೆಗೆ ಬಂದರೆ ಖಾಲಾ ಬಾಗಿಲಲ್ಲೇ ನಿಂತಿದ್ದಳು. ಮುಖ ಬಾಡಿತ್ತು.

"ನಿನ್ನೆ ಇಟ್ಟ ನೀರು ಹಂಗss ಅದ ಶಾಹೀನ. ಒಂದು ಹನಿನೂ ಇಳದಿಲ್ಲ. ಫಾತಿಹಾ ಇನ್ನಾ ಆಗಿಲ್ಲ, ಆಕಿ ಯಾಕ ಬರಲಿಲ್ಲ?"

ಇಡೀ ದಿನ ಬಿಸಿಗಾಳಿ ಬೀಸಿತ್ತು. ಲೋಟ ಮಾತ್ರ ಕಂಠದವರೆಗೆ ತುಂಬಿಯೇ ಇತ್ತು. ಶಾಹೀನ ಮಂಚದ ಬಳಿ ಬಗ್ಗಿದಳು. ಫಿನಾಯಿಲಿನ ವಾಸನೆ, ಅಷ್ಟೇ.

"ಅಮ್ಮಿ, ನಿನ್ನ ಗಾಯಕ್ಕ ದವಾ ಸಿಕ್ತು," ಎಂದು ಗಟ್ಟಿಯಾಗಿ ಹೇಳಿ ಕಾದಳು. ನೀರು ಅಲುಗಲಿಲ್ಲ.

"ಆಕಿ ಇನ್ನ ಬರಾಂಗಿಲ್ಲ ಖಾಲಾ," ಎಂದಳು ಕೊನೆಗೆ. "ನಿನ್ನೆ ಲ್ಯಾಬಿನಾಗ ಆ ದವಾ ಹಾಕಿ ನಾನss ಕಳಿಸೀನಿ."